ದಾಳಿಯಲ್ಲಿ ಸತ್ತವರ ಹೆಸರು ನಮಗ್ಯಾಕೆ ಗೊತ್ತಿರಲ್ಲ? ಬೇರೆ ದೇಶದವರು ಹೇಗೆ ನೆನೆಯುತ್ತಾರೆ?

ಕೋಟೆಕೆರೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಏಪ್ರಿಲ್ 22ಕ್ಕೆ, 2025ರ ಆ ದಿನ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ದಾಳಿಗೆ ಸತ್ತವರ ನೆನಪಿಗೆ ಕಾರ್ಯಕ್ರಮ ಮಾಡಿ ಅಂತ ನಮ್ಮ ಎನ್‌ಎಸ್‌ಎಸ್ ಘಟಕಕ್ಕೆ ಹೇಳಿದ್ದಾರೆ. ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ಇಂಥ ಕಾರ್ಯಕ್ರಮ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಒಂದು ಫ್ಲೆಕ್ಸ್, ಒಂದಿಷ್ಟು ಮೇಣದಬತ್ತಿ, ಮುಖ್ಯ ಅತಿಥಿ, ಸ್ವಾಗತ, ಪ್ರಾಸ್ತಾವಿಕ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ. ನಡುವೆ ಎರಡು ನಿಮಿಷ ಮೌನ. ಅದು ಹೆಸರಿಗೆ ಎರಡು ನಿಮಿಷ. ಅರ್ಧಕ್ಕೇ ಯಾರಾದರೂ ಗಂಟಲು ಸರಿಮಾಡಿಕೊಂಡು ‘ಎಲ್ಲರೂ ಕೂತ್ಕೊಳ್ಳಿ’ ಅಂತಾರೆ.

ಪಹಲ್ಗಾಮ್ ಹತ್ತಿರದ ಬೈಸರನ್ ಹುಲ್ಲುಗಾವಲಿನಲ್ಲಿ ಅವತ್ತು ಸತ್ತವರು 26 ಜನ. 25 ಪ್ರವಾಸಿಗರು, ಒಬ್ಬ ಅಲ್ಲಿಯವನೇ, ಕುದುರೆ ಮೇಲೆ ಜನರನ್ನು ಕರೆದೊಯ್ಯುತ್ತಿದ್ದವನು. ನಮ್ಮ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. ನೇಪಾಳದವರೊಬ್ಬರು ಇದ್ದರು. ಇವರಲ್ಲಿ ಮೂವರ ಹೆಸರು ಹೇಳಿ ಅಂತ ಕ್ಲಾಸಿನಲ್ಲಿ ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ನಡೆದ ಸೇನಾ ಕಾರ್ಯಾಚರಣೆಯ ಹೆಸರು ಮಾತ್ರ ಎಲ್ಲರಿಗೂ ಬಾಯಿಪಾಠ.

ನ್ಯೂಯಾರ್ಕಿನಲ್ಲಿ ಪ್ರತಿ ಸೆಪ್ಟೆಂಬರ್ 11ಕ್ಕೆ ಸತ್ತವರ ಹೆಸರನ್ನೆಲ್ಲ ಮನೆಯವರೇ ಗಟ್ಟಿಯಾಗಿ ಓದುತ್ತಾರೆ. 2001ರಲ್ಲಿ ಸತ್ತ 2,977 ಜನ, ಅದೇ ಕಟ್ಟಡದಲ್ಲಿ 1993ರ ಬಾಂಬಿಗೆ ಸತ್ತ 6 ಜನ. ಓದಿ ಮುಗಿಸಲು ಮೂರು ಗಂಟೆಗೂ ಜಾಸ್ತಿ ಬೇಕು. ನಡುವೆ ಆರು ಸಲ ಗಂಟೆ ಹೊಡೆದು ಮೌನ. ವಿಮಾನ ಬಡಿದ ಹೊತ್ತು, ಕಟ್ಟಡ ಬಿದ್ದ ಹೊತ್ತು, ಹೀಗೆ. ರಾಜಕಾರಣಿಗಳು ಬಂದು ನಿಲ್ಲಬಹುದು, ಮೈಕ್ ಮುಟ್ಟುವ ಹಾಗಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಬೇರೆ ಕಡೆ ಜನ ಏನು ಮಾಡುತ್ತಾರೆ? ಕಂಡವರು, ಓದಿದವರು ಹೇಳಿ. ನಮ್ಮ ಕಡೆಯದಿದ್ದರೂ ಹೇಳಿ.

ನಿಪ್ಪಾಣಿ_ಕಡೆ

ಮೇಡಂ, ಹೆಸರು ಓದಿದರೆ ಏನು ಬಂತು? ಅಮೆರಿಕದವರು ಹೆಸರೂ ಓದಿದರು, ಎರಡು ಯುದ್ಧವನ್ನೂ ಮಾಡಿದರು. ಇರಾಕಿನಲ್ಲಿ, ಅಫ್ಘಾನಿಸ್ತಾನದಲ್ಲಿ ಮದುವೆ ಮನೆಯಲ್ಲಿ ಬಾಂಬ್ ಬಿದ್ದು ಸತ್ತವರ ಹೆಸರು ಯಾರು ಓದಿದರು? ಇದೆಲ್ಲ ಟಿವಿಗೆ ಚೆನ್ನಾಗಿರುತ್ತೆ ಅಷ್ಟೇ.

ನಿವೃತ್ತ_ಸುಬೇದಾರ (ಬೈಲಹೊಂಗಲ)

ತಮ್ಮಾ, ನಿನ್ನ ಮಾತು ಅರ್ಧ ಖರೆ. ಇನ್ನರ್ಧಕ್ಕೆ ನಾನು ಉತ್ತರ ಹೇಳುತ್ತೇನೆ.

ಸೈನಿಕ ಸತ್ತರೆ ಏನು ಮಾಡಬೇಕು ಅಂತ ನಮಗೆ ಪಕ್ಕಾ ಗೊತ್ತು. ‘ಶೋಕ ಶಸ್ತ್ರ’ ಅಂತ ಆರ್ಡರ್ ಬಂದ ಕೂಡಲೇ ಬಂದೂಕಿನ ನಳಿಗೆ ಕೆಳಗಾಗುತ್ತದೆ, ತಲೆ ಬಾಗುತ್ತದೆ. ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್, ಅಂದರೆ ವಿದಾಯದ ಧುನ್. ಆಮೇಲೆ ಮೌನ, ಆಮೇಲೆ ರೌಸ್, ಅಂದರೆ ಮತ್ತೆ ಎಬ್ಬಿಸುವ ಧುನ್. ಯಾರೂ ಅರ್ಧಕ್ಕೆ ಕೂತ್ಕೊಳ್ಳಿ ಅನ್ನುವುದಿಲ್ಲ. 2019ರ ಫೆಬ್ರುವರಿ 25ಕ್ಕೆ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆದರು. ಗ್ರಾನೈಟ್ ಗೋಡೆಯ ಮೇಲೆ 25 ಸಾವಿರಕ್ಕೂ ಜಾಸ್ತಿ ಹೆಸರಿವೆ. ನನ್ನ ಜೊತೆ ಇದ್ದವರ ಹೆಸರನ್ನು ಬೆರಳಿಂದ ಮುಟ್ಟಿ ಬಂದೆ.

ಆದರೆ ಸಂತೆಗೆ ಹೋದವ, ರೈಲು ಹತ್ತಿದವ, ಹೆಂಡತಿ ಮಕ್ಕಳ ಜೊತೆ ಕಾಶ್ಮೀರ ನೋಡಲು ಹೋದವ ಸತ್ತರೆ? ಅವನಿಗೆ ಬ್ಯೂಗಲ್ ಇಲ್ಲ, ಗೋಡೆ ಇಲ್ಲ. ಮೇ 21ಕ್ಕೆ ಸರ್ಕಾರಿ ಕಚೇರಿಗಳಲ್ಲಿ ಭಯೋತ್ಪಾದನಾ ವಿರೋಧಿ ದಿನ ಅಂತ ಪ್ರತಿಜ್ಞೆ ಓದಿಸುತ್ತಾರೆ. ರಾಜೀವ್ ಗಾಂಧಿ ಸತ್ತ ದಿನ ಅದು. ಅಲ್ಲೂ ಜನಸಾಮಾನ್ಯರ ಹೆಸರಿಲ್ಲ. ಮೇಡಂ ಕೇಳುತ್ತಿರುವುದು ಅದನ್ನೇ ಅಲ್ವಾ?

ಲೋಂಡಾ_ಜಂಕ್ಷನ್

ಸುಬೇದಾರ ಕಾಕಾ ರೈಲು ಅಂದರಲ್ಲ, ನಾನು ರೈಲ್ವೆಯವನು, ಸುಮ್ನಿರಲು ಆಗಲಿಲ್ಲ.

2008ರ ನವೆಂಬರ್ 26 ಅಂದರೆ ಎಲ್ಲರ ಕಣ್ಣಿಗೆ ಬರುವುದು ತಾಜ್ ಹೋಟೆಲಿನ ಗುಮ್ಮಟದಿಂದ ಬರುತ್ತಿದ್ದ ಹೊಗೆ. ಒಟ್ಟು ಸತ್ತ 166 ಜನರಲ್ಲಿ 50ಕ್ಕೂ ಜಾಸ್ತಿ ಜನ ಸತ್ತಿದ್ದು ಮುಂಬೈಯ ಸಿಎಸ್‌ಟಿ ರೈಲು ಸ್ಟೇಷನ್ನಿನಲ್ಲಿ. ಊರಿಗೆ ಹೋಗುವ ಗಾಡಿ ಕಾಯುತ್ತಾ ಗಂಟು ಮೂಟೆ ಪಕ್ಕ ಮಲಗಿದ್ದವರು. ಒಬ್ಬ ಅನೌನ್ಸರ್ ಮೇಲಿನ ಗಾಜಿನ ಕೋಣೆಯಿಂದ ನೋಡುತ್ತಾ ‘ಆ ಕಡೆ ಹೋಗಬೇಡಿ, ಈ ದಾರಿಯಿಂದ ಹೊರಗೆ ಹೋಗಿ’ ಅಂತ ಮೈಕಿನಲ್ಲಿ ಹೇಳುತ್ತಲೇ ಇದ್ದ. ಅವನಿಂದ ಎಷ್ಟೋ ಜನ ಉಳಿದರು.

ತಾಜ್‌ನವರು ತಮ್ಮಲ್ಲಿ ಸತ್ತ 31 ಜನರ ಹೆಸರು ಬರೆಸಿ ಲಾಬಿಯಲ್ಲೇ ಇಟ್ಟಿದ್ದಾರೆ. ಲಿಯೋಪೋಲ್ಡ್ ಕೆಫೆಯವರು ಗೋಡೆಯ ಗುಂಡಿನ ತೂತು ಮುಚ್ಚಿಸಲಿಲ್ಲ. ಜನ ಅಲ್ಲಿ ಬಿಯರ್ ಕುಡಿಯುತ್ತಾ ತೂತಿನ ಪಕ್ಕ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದು ತಪ್ಪೋ ಸರಿಯೋ ನಾನು ಹೇಳಲಾರೆ. ಬದುಕು ನಡೆಯಬೇಕಲ್ಲ.

ಸ್ಟೇಷನ್ನಿನಲ್ಲೂ ಒಂದು ಫಲಕ ಇದೆ. ಗಾಡಿ ಹಿಡಿಯಲು ಓಡುವವರಿಗೆ ಅದನ್ನು ಓದುವ ಪುರಸೊತ್ತು ಎಲ್ಲಿ?

ಗೋಕಾಕದ_ನರ್ಸ್ (ಈಗ ಕಾರ್ಕ್, ಐರ್ಲೆಂಡ್)

ಅಕ್ಕಾರೇ, ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಉದ್ದ ಆಗುತ್ತೆ.

1985ರ ಜೂನ್ 23. ಕೆನಡಾದಿಂದ ಲಂಡನ್ ಮೇಲೆ ದೆಹಲಿಗೆ ಹೊರಟಿದ್ದ ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಇಲ್ಲಿಯ ಕರಾವಳಿಯಾಚೆ ಆಕಾಶದಲ್ಲೇ ಬಾಂಬ್ ಸಿಡಿದು ಸಮುದ್ರಕ್ಕೆ ಬಿತ್ತು. 329 ಜನ. ಒಬ್ಬರೂ ಉಳಿಯಲಿಲ್ಲ. ಸಿಕ್ಕಿದ್ದು 131 ದೇಹ. ಎಲ್ಲವನ್ನೂ ತಂದದ್ದು ಕಾರ್ಕ್ ಊರಿನ ಆಸ್ಪತ್ರೆಗೆ. ಇಲ್ಲಿಯ ಹಳೇ ನರ್ಸ್‌ಗಳು ಈಗಲೂ ಆ ವಾರದ ಮಾತು ತೆಗೆದರೆ ಧ್ವನಿ ತಗ್ಗಿಸುತ್ತಾರೆ. ಮಕ್ಕಳು ಬಹಳ ಇದ್ದವು.

ಸತ್ತವರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳೇ. ಆದರೆ ಕೆನಡಾದ ಪ್ರಧಾನಿ ಬ್ರಯಾನ್ ಮಲ್ರೋನಿ ಫೋನ್ ಮಾಡಿ ಸಂತಾಪ ಹೇಳಿದ್ದು ರಾಜೀವ್ ಗಾಂಧಿಗೆ! ತಮ್ಮ ದೇಶದವರೇ ಸತ್ತಿದ್ದಾರೆ ಅಂತ ಅವರಿಗೆ ಅನ್ನಿಸಲೇ ಇಲ್ಲ. ಹೆಸರು ನಮ್ಮವು, ಬಣ್ಣ ನಮ್ಮದು, ಆದ್ದರಿಂದ ಅದು ಬೇರೆಯವರ ಮನೆಯ ಸಾವು. ಮನೆಯವರು ಇಪ್ಪತ್ತು ವರ್ಷ ಜಗ್ಗಾಡಿದ ಮೇಲೆ, 2005ರಲ್ಲಿ, ಆ ದಿನವನ್ನು ಅಲ್ಲಿ ರಾಷ್ಟ್ರೀಯ ಸ್ಮರಣೆಯ ದಿನ ಅಂತ ಮಾಡಿದರು. ಅದೇ ವರ್ಷ ಇಬ್ಬರು ಆರೋಪಿಗಳು ಖುಲಾಸೆಯೂ ಆದರು. ವಿಚಾರಣಾ ಆಯೋಗದ ವರದಿ ಬಂದ ಮೇಲೆ 2010ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು.

ಈಗ ಐರ್ಲೆಂಡ್ ನೋಡಿ. ಈ ವಿಮಾನಕ್ಕೂ ಇವರಿಗೂ ಸಂಬಂಧವೇ ಇಲ್ಲ. ಬಿದ್ದದ್ದು ಇವರ ಸಮುದ್ರದ ಕಡೆ, ಅಷ್ಟೇ. ಆದರೆ ಅಹಾಕಿಸ್ತಾ ಅನ್ನುವ ಪುಟ್ಟ ಹಳ್ಳಿಯಲ್ಲಿ ಒಂದೇ ವರ್ಷದಲ್ಲಿ, 1986ಕ್ಕೇ, ಸ್ಮಾರಕ ನಿಂತಿತು. ಸಮುದ್ರದ ದಂಡೆಗೆ ಒಂದು ತೋಟ, ನಡುವೆ ನೆರಳು ಗಡಿಯಾರ, ಹಿಂದಿನ ಗೋಡೆಯ ಮೇಲೆ ಎಲ್ಲರ ಹೆಸರು. ಪ್ರತಿ ಜೂನ್ 23ಕ್ಕೆ ಬೆಳಗ್ಗೆ 8 ಗಂಟೆ 12 ನಿಮಿಷಕ್ಕೆ ಮೌನ.

ನಾನು ರಜೆ ಹಾಕಿ ಹೋಗಿದ್ದೆ. ಸಣ್ಣ ಮಳೆ. ರೇನ್‌ಕೋಟ್ ಹಾಕಿಕೊಂಡ ಹಳ್ಳಿಯ ಹೆಂಗಸರು, ಶಾಲೆಯ ಮಕ್ಕಳು, ಟೊರೊಂಟೊದಿಂದ ಬಂದ ಒಬ್ಬ ವಯಸ್ಸಾದ ಯಜಮಾನರು. ಅವರು ಗೋಡೆಯ ಮೇಲಿನ ಎರಡು ಹೆಸರನ್ನು ಕರ್ಚೀಫಿನಿಂದ ಒರೆಸಿದರು. ಪಕ್ಕದಲ್ಲಿ ನಿಂತ ಐರಿಷ್ ಅಜ್ಜಿ ಅವರ ತಲೆ ಮೇಲೆ ಕೊಡೆ ಹಿಡಿದಿದ್ದಳು. ಪ್ರತಿ ವರ್ಷ ಅವರು ಬಂದರೆ ಇಳಿದುಕೊಳ್ಳುವುದು ಇವಳ ಮನೆಯಲ್ಲೇ ಅಂತೆ. ಭಾಷಣ ಯಾರು ಮಾಡಿದರು ಅಂತ ಕೇಳಿದರೆ ನೆನಪಿಲ್ಲ.

ಕೋಟೆಕೆರೆ (ಬೆಳಗಾವಿ)

ತಂಗೀ, ಕನಿಷ್ಕದ ಬಗ್ಗೆ ಪಾಠದಲ್ಲಿ ಒಂದು ಸಾಲೂ ಇಲ್ಲ ನಮ್ಮಲ್ಲಿ. ನಮ್ಮ ಹೆಸರುಗಳನ್ನು ನೆನಪಿಡುತ್ತಿರುವುದು ಐರ್ಲೆಂಡಿನ ಹಳ್ಳಿ. ನಾಚಿಕೆಯ ಮಾತು.

ಇಳಕಲ್_ಮಗ್ಗ

ನಮ್ಮದು ನೇಕಾರರ ಮನೆ, ಆದ್ದರಿಂದ ನನಗೆ ತಲೆಯಲ್ಲಿ ಉಳಿದದ್ದು ಬಟ್ಟೆಯ ಕಥೆ.

1988ರ ಡಿಸೆಂಬರ್ 21ಕ್ಕೆ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಪ್ಯಾನ್ ಆಮ್ ವಿಮಾನ ಬಾಂಬಿಗೆ ಚೂರಾಗಿ ಬಿತ್ತು. ಒಳಗಿದ್ದ 259 ಜನ, ಊರಿನ 11 ಜನ ಸತ್ತರು. ಹೊಲ, ಗುಡ್ಡ, ಮನೆಯ ಮಾಳಿಗೆ, ಎಲ್ಲ ಕಡೆ ಪ್ರಯಾಣಿಕರ ಸಾಮಾನು ಬಿದ್ದಿತ್ತು. ಪೊಲೀಸರು ಎಲ್ಲವನ್ನೂ ಸಾಕ್ಷಿ ಅಂತ ಎತ್ತಿಟ್ಟುಕೊಂಡರು. ಪರೀಕ್ಷೆ ಮುಗಿದ ಮೇಲೆ ಆ ಬಟ್ಟೆ ಏನು ಮಾಡುವುದು? ರಕ್ತ, ಕೆಸರು, ವಿಮಾನದ ಎಣ್ಣೆ ವಾಸನೆ.

ಊರಿನ ಹೆಂಗಸರು ಮುಂದೆ ಬಂದರು. ಒಂದೊಂದೇ ಅಂಗಿ, ಒಂದೊಂದೇ ಸ್ವೆಟರ್ ಒಗೆದರು. ಇಸ್ತ್ರಿ ಮಾಡಿದರು. ಮಡಚಿ, ಕಟ್ಟಿ, ಸತ್ತವರ ಮನೆಗೆ ಕಳಿಸಿಕೊಟ್ಟರು. ಯಾರದೋ ಮಗನ ಜೀನ್ಸ್ ಪ್ಯಾಂಟು, ಗುರುತು ಪರಿಚಯ ಇಲ್ಲದ ಹೆಂಗಸಿನ ಕೈಯಲ್ಲಿ ಒಗೆಸಿಕೊಂಡು ಅಮೆರಿಕದ ತಾಯಿಗೆ ತಲುಪಿತು.

ಸತ್ತವರಲ್ಲಿ 35 ಜನ ಒಂದೇ ಯೂನಿವರ್ಸಿಟಿಯ ಹುಡುಗ ಹುಡುಗಿಯರು, ಅಮೆರಿಕದ ಸಿರಾಕ್ಯೂಸ್‌ನವರು. ಅಲ್ಲಿ ಈಗಲೂ ಪ್ರತಿ ವರ್ಷ ಹೊಸದಾಗಿ 35 ವಿದ್ಯಾರ್ಥಿಗಳನ್ನು ಆರಿಸುತ್ತಾರೆ. ಒಬ್ಬೊಬ್ಬರು ಸತ್ತ ಒಬ್ಬೊಬ್ಬರ ಹೆಸರು ಹೊತ್ತು, ಅವರ ಬಗ್ಗೆ ಓದಿಕೊಂಡು, ಅವರ ಪರವಾಗಿ ನಿಲ್ಲಬೇಕು. ಅಂಗಳದಲ್ಲಿ ವಿಮಾನದ ಸೀಟುಗಳಿದ್ದ ಹಾಗೇ ಕುರ್ಚಿ ಹಾಕಿ, ಯಾರ ಸೀಟು ಎಲ್ಲಿತ್ತೋ ಅಲ್ಲೇ ಕೂರುತ್ತಾರೆ. ಇವತ್ತಿನ ಹುಡುಗರು ಆಗ ಹುಟ್ಟಿಯೇ ಇರಲಿಲ್ಲ. ಲಾಕರ್ಬಿಯ ಶಾಲೆಯ ಮಕ್ಕಳೂ ಸ್ಕಾಲರ್‌ಶಿಪ್ ಮೇಲೆ ಅಲ್ಲಿಗೆ ಹೋಗಿ ಓದುತ್ತಾರೆ.

ಅಕ್ಕಾರೇ, ಇದು ನಿಮಗೆ ಉಪಯೋಗ ಆಗಬಹುದು ನೋಡಿ.

ಚಿಕ್ಕೋಡಿ_ಹುಡುಗ

ನ್ಯೂಜಿಲೆಂಡ್ ಯಾರೂ ಹೇಳಲಿಲ್ಲ? 2019ರ ಮಾರ್ಚ್ 15, ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿ, 51 ಜನ. ಕೊಂದವನ ಹೆಸರು ನನ್ನ ಬಾಯಲ್ಲಿ ಬರಲ್ಲ ಅಂತ ಪ್ರಧಾನಿ ಜೆಸಿಂಡಾ ಆರ್ಡರ್ನ್ ಪಾರ್ಲಿಮೆಂಟಿನಲ್ಲೇ ಹೇಳಿದರು. ಮುಂದಿನ ಶುಕ್ರವಾರ ದೇಶದ ಟಿವಿ, ರೇಡಿಯೋ ಎಲ್ಲದರಲ್ಲೂ ಆಜಾನ್, ಎರಡು ನಿಮಿಷ ಮೌನ. ಶಾಲೆ ಹುಡುಗರು ಬೀದಿಯಲ್ಲಿ ಹಾಕಾ ಮಾಡಿದರು. ಅದು ಮಾವೊರಿ ಜನರ ಕುಣಿತ, ನೋಡಿದರೆ ಮೈ ಜುಮ್ ಅನ್ನುತ್ತೆ. ಅಳು ಅಂದರೆ ತಲೆ ತಗ್ಗಿಸಿ ನಿಲ್ಲುವುದೇ ಆಗಬೇಕಾ? ಎದೆ ಬಡಿದು ನೆಲ ಒದ್ದರೂ ಅದು ದುಃಖವೇ.

ಒಂದು ತಿಂಗಳೊಳಗೆ ಬಂದೂಕಿನ ಕಾನೂನನ್ನೂ ಬದಲಾಯಿಸಿದರು. ನಮ್ಮ ಟಿವಿಯಲ್ಲಿ ಕೊಂದವನ ಫೋಟೋ ವಾರಗಟ್ಟಲೆ ತಿರುಗುತ್ತೆ, ಸತ್ತವನದು ಒಂದು ದಿನ.

ಗುಮ್ಮಟದ_ನೆರಳು (ವಿಜಯಪುರ)

ತಮ್ಮಾ, ಎದೆ ಬಡಿದುಕೊಳ್ಳುವ ಮಾತು ಬಂತಲ್ಲ, ಅದಕ್ಕೆ ನ್ಯೂಜಿಲೆಂಡಿಗೆ ಯಾಕೆ ಹೋಗಬೇಕು? ನಮ್ಮ ಜಿಲ್ಲೆಗೆ ಬಾ. ಮೊಹರಂ ನೋಡು.

ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾ ಬಯಲಲ್ಲಿ ಹುಸೇನರು ಮತ್ತು ಅವರ ಜೊತೆಗಿದ್ದ ಸಣ್ಣ ಗುಂಪು ಸತ್ತದ್ದು. ಹೆಂಗಸರು, ಮಕ್ಕಳು ಜೊತೆಗಿದ್ದರು. ನದಿ ಪಕ್ಕದಲ್ಲೇ ಇದ್ದರೂ ನೀರು ಮುಟ್ಟಲು ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನಮ್ಮ ಊರುಗಳಲ್ಲಿ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಡೋಲಿ ಹೊರಡುತ್ತೆ, ರಾತ್ರಿಯೆಲ್ಲ ಹೆಜ್ಜೆ ಹಾಕಿ ಕರ್ಬಲಾ ಪದ ಹಾಡುತ್ತಾರೆ. ಹಾಡುವವರಲ್ಲಿ ಅರ್ಧಕ್ಕರ್ಧ ಲಿಂಗಾಯತರು, ಕುರುಬರು, ಬೇಡರು. ಕೆಲವು ಹಳ್ಳಿಯಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲ, ಆದರೂ ಅಲಾಯಿ ದೇವರು ಕೂರುತ್ತೆ. ಬಂದವರಿಗೆಲ್ಲ ಶರಬತ್ತು. ನಮ್ಮಮ್ಮ ದೊಡ್ಡ ಪಾತೇಲಿಯಲ್ಲಿ ಬೆಲ್ಲ, ಸೋಂಪು ಹಾಕಿ ಕಲಸುತ್ತಿದ್ದಳು. ಲೋಟ ತುಂಬ ಕೊಡಬೇಕು, ಅರ್ಧ ಕೊಡಬಾರದು ಅನ್ನುತ್ತಿದ್ದಳು. ಅವರಿಗೆ ನೀರು ಸಿಗಲಿಲ್ಲ, ನೀವು ಕುಡೀರಿ ಅಂತ.

ಈಗ ರಷ್ಯಾದ ಬೆಸ್ಲಾನ್ ಊರಿಗೆ ಬನ್ನಿ. 2004ರ ಸೆಪ್ಟೆಂಬರ್ 1, ಶಾಲೆ ಶುರುವಾಗುವ ದಿನ. ಉಗ್ರರು ಸಾವಿರಕ್ಕೂ ಜಾಸ್ತಿ ಜನರನ್ನು ಶಾಲೆಯ ಜಿಮ್‌ನಲ್ಲಿ ಕೂಡಿಹಾಕಿದರು. ಮೂರು ದಿನ. ಸೆಕೆ ತಾಳಲಾರದೆ ಮಕ್ಕಳು ಬಟ್ಟೆ ಬಿಚ್ಚಿ ಕೂತಿದ್ದವು. ನೀರು ಕೊಡಲಿಲ್ಲ. ಕೊನೆಗೆ ಸ್ಫೋಟ, ಬೆಂಕಿ, ಗುಂಡು. ಸತ್ತವರು 334, ಅದರಲ್ಲಿ 186 ಮಕ್ಕಳು. ಆ ಸುಟ್ಟ ಜಿಮ್ ಹಾಗೇ ಉಳಿಸಿದ್ದಾರೆ, ಗೋಡೆ ತುಂಬ ಫೋಟೋ. ಅಲ್ಲಿಗೆ ಬರುವ ಜನ ಹೂವಿನ ಜೊತೆ ನೀರಿನ ಬಾಟಲಿ ತರುತ್ತಾರೆ. ಮುಚ್ಚಳ ತೆಗೆದು ಇಡುತ್ತಾರೆ, ಮಕ್ಕಳಿಗೆ ತೆಗೆಯುವ ಕಷ್ಟ ಬೇಡ ಅಂತ.

ಮೊದಲ ಸಲ ಆ ಬಾಟಲಿಗಳ ಫೋಟೋ ನೋಡಿದಾಗ ನಮ್ಮಮ್ಮನಿಗೆ ತೋರಿಸಿದೆ. ಅವಳಿಗೆ ಏನನ್ನೂ ವಿವರಿಸಬೇಕಾಗಲಿಲ್ಲ.

ಗೋಕಾಕದ_ನರ್ಸ್ (ಈಗ ಕಾರ್ಕ್, ಐರ್ಲೆಂಡ್)

ಹಿರೋಶಿಮಾದಲ್ಲೂ ಆಗಸ್ಟ್ 6ರ ಕಾರ್ಯಕ್ರಮ ಶುರುವಾಗುವುದೇ ನೀರಿನಿಂದ ಅಣ್ಣಾ. ಸುಟ್ಟ ಜನ ನೀರು ನೀರು ಅಂತ ಕೂಗುತ್ತಾ ಸತ್ತರಲ್ಲ. ಬೇರೆ ಬೇರೆ ಬುಗ್ಗೆಗಳಿಂದ ನೀರು ತಂದು ಸಮಾಧಿಗೆ ಅರ್ಪಿಸುತ್ತಾರೆ. ಆಮೇಲೆ 8:15ಕ್ಕೆ ಗಂಟೆ. ಆ ವರ್ಷ ತೀರಿಕೊಂಡ ಬಾಂಬ್ ಸಂತ್ರಸ್ತರ ಹೆಸರನ್ನು ಪಟ್ಟಿಗೆ ಸೇರಿಸುತ್ತಾ ಬಂದಿದ್ದಾರೆ. ಮೂರು ಲಕ್ಷ ದಾಟಿದೆ.

ಬಾಗಲಕೋಟೆ_ಇಂಜಿನಿಯರ್

ಹಿರೋಶಿಮಾ ಬಗ್ಗೆ ಒಂದು ಮಾತು ಸೇರಿಸಿ. ಅಲ್ಲಿ ಸತ್ತವರಲ್ಲಿ ಸಾವಿರಾರು ಕೊರಿಯನ್ನರು ಇದ್ದರು, ಬಹಳಷ್ಟು ಜನ ದುಡಿಮೆಗೆ ಎಳೆದು ತಂದವರು. ಅವರ ಸ್ಮಾರಕ 1970ರಲ್ಲಿ ಕಟ್ಟಿದಾಗ ಪಾರ್ಕಿನ ಒಳಗೆ ಜಾಗ ಸಿಗಲಿಲ್ಲ, ಹೊಳೆಯ ಆಚೆ ನಿಲ್ಲಿಸಿದರು. ಒಳಗೆ ಬಂದದ್ದು 1999ರಲ್ಲಿ. ಸತ್ತ ಮೇಲೂ ಊರ ಹೊರಗೆ. ಕನಿಷ್ಕದ ಕಥೆಯೂ ಇದೇ ತಾನೇ?

ನಾನು ಕಟ್ಟಡದ ಕೆಲಸದವನು, ಸ್ಮಾರಕ ಕಟ್ಟುವುದರ ಬಗ್ಗೆ ಹೇಳುತ್ತೇನೆ. ನಾರ್ವೆಯಲ್ಲಿ 2011ರ ಜುಲೈ 22ಕ್ಕೆ ಒಬ್ಬನೇ 77 ಜನರನ್ನು ಕೊಂದ. 8 ಜನ ಓಸ್ಲೋದಲ್ಲಿ, 69 ಜನ ಉಟೋಯಾ ದ್ವೀಪದಲ್ಲಿ, ಹೆಚ್ಚಿನವರು ಶಿಬಿರಕ್ಕೆ ಬಂದ ಹುಡುಗ ಹುಡುಗಿಯರು. ಸ್ಮಾರಕಕ್ಕೆ ಸ್ಪರ್ಧೆ ಮಾಡಿದರು. ಗೆದ್ದ ವಿನ್ಯಾಸ ಏನು ಗೊತ್ತಾ? ದ್ವೀಪದ ಎದುರಿಗಿನ ಗುಡ್ಡದ ಮೂತಿಯನ್ನು ಅಡ್ಡಕ್ಕೆ ಕತ್ತರಿಸಿ ಬೇರೆ ಮಾಡುವುದು. ನಡುವೆ ಸೀಳು, ಆಚೆಯ ಕಲ್ಲಿನ ಮೇಲೆ ಹೆಸರು. ಈ ಕಡೆ ನಿಂತು ಓದಬಹುದು, ಮುಟ್ಟಲಾಗದು. ಪ್ರಪಂಚದ ಪತ್ರಿಕೆಗಳೆಲ್ಲ ಹೊಗಳಿದವು.

ಅಲ್ಲಿಯ ಅಕ್ಕಪಕ್ಕದವರು ಬೇಡ ಅಂದರು. ಅವರೇನು ಕಲ್ಲು ಮನಸ್ಸಿನವರಲ್ಲ. ಗುಂಡು ಹಾರುತ್ತಿದ್ದಾಗ ತಮ್ಮ ದೋಣಿ ತೆಗೆದುಕೊಂಡು ಹೋಗಿ ಈಜುತ್ತಿದ್ದ ಮಕ್ಕಳನ್ನು ಎತ್ತಿಕೊಂಡವರು. ದಿನಾ ಬೆಳಗ್ಗೆ ಕಿಟಕಿ ತೆಗೆದರೆ ಆ ಗಾಯವನ್ನೇ ನೋಡಬೇಕಾ ಅಂತ ಕೇಳಿದರು. ಕೋರ್ಟಿಗೂ ಹೋದರು. 2017ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಕೊನೆಗೆ 2022ರಲ್ಲಿ ದಂಡೆಯ ಮೇಲೆ 77 ಕಂಚಿನ ಕಂಬ ನಿಂತವು. ದ್ವೀಪದಲ್ಲಿ 13 ಜನ ಸತ್ತ ಕೆಫೆ ಕಟ್ಟಡವನ್ನು ಒಡೆಯದೆ ಅದರ ಸುತ್ತ ಇನ್ನೊಂದು ಮನೆ ಕಟ್ಟಿದ್ದಾರೆ. ಒಳಗೆ ಸತ್ತವರಿಗೆ 69 ಕಂಬ, ಹೊರಗೆ ಬದುಕಿ ಬಂದವರಿಗೆ 495 ಕಂಬ. ಬದುಕಿ ಬಂದವರನ್ನು ಎಣಿಸಿದ ಸ್ಮಾರಕ ನಾನು ಬೇರೆ ಕಂಡಿಲ್ಲ.

ನಮ್ಮ ಜಲಿಯನ್‌ವಾಲಾ ಬಾಗ್ ನೋಡಿ. 1919ರ ಏಪ್ರಿಲ್ 13ಕ್ಕೆ 1,650 ಗುಂಡು ಹಾರಿದ ಜಾಗ. ಡಯರ್‌ನ ಸಿಪಾಯಿಗಳು ಒಳಗೆ ಬಂದದ್ದು ಒಂದು ಇಕ್ಕಟ್ಟಾದ ಓಣಿಯಿಂದ. ಆ ಓಣಿಯಲ್ಲಿ ನಡೆದರೇ ಎದೆ ಬಿಗಿಯುತ್ತಿತ್ತು, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ ಅಂತ ಮೈಗೇ ಗೊತ್ತಾಗುತ್ತಿತ್ತು. 2021ರ ನವೀಕರಣದಲ್ಲಿ ಅದರ ಗೋಡೆ ತುಂಬ ಮೂರ್ತಿಗಳನ್ನು ಕೂರಿಸಿದರು. ಸಂಜೆಗೆ ಲೈಟ್ ಅಂಡ್ ಸೌಂಡ್ ಶೋ. ಗುಂಡಿನ ಗುರುತಿರುವ ಗೋಡೆ, ಬಾವಿ ಇನ್ನೂ ಇವೆ. ಆದರೆ ಓಣಿ ಹೋಯಿತು. ಏನೂ ಮಾಡದೇ ಬಿಡುವುದೂ ಒಂದು ಕೆಲಸ ಅಂತ ನಮ್ಮ ಗುತ್ತಿಗೆದಾರರಿಗೆ ಯಾರು ಹೇಳಬೇಕು! ನಾವು ಹಿನ್ನೀರಲ್ಲಿ ಹಳೇ ಊರು ಮುಳುಗಿಸಿಕೊಂಡವರು, ಜಾಗ ಹೋದರೆ ಏನು ಹೋಗುತ್ತೆ ಅಂತ ಸ್ವಲ್ಪ ಗೊತ್ತು.

ಮುಧೋಳದವ

ಕಲ್ಲು, ಕಂಚು ಇಲ್ಲದೆಯೂ ಆಗುತ್ತೆ ಇಂಜಿನಿಯರ್ ಸಾಹೇಬರೇ. ಹಲಗಲಿ ನಮ್ಮ ತಾಲ್ಲೂಕು.

1857ರಲ್ಲಿ ಹತಾರ ಒಪ್ಪಿಸಿ ಅಂತ ಕಂಪನಿ ಸರ್ಕಾರ ಕಾಯ್ದೆ ತಂದಾಗ ಹಲಗಲಿ ಬೇಡರು ಒಪ್ಪಲಿಲ್ಲ. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು. 19 ಜನರನ್ನು ಗಲ್ಲಿಗೇರಿಸಿದರು. ಆಗ ಯಾರು ಸ್ಮಾರಕ ಕಟ್ಟುತ್ತಾರೆ? ಲಾವಣಿ ಕಟ್ಟಿದರು. ಫ್ಲೀಟ್ ಅನ್ನುವ ಬ್ರಿಟಿಷ್ ಅಧಿಕಾರಿಯೇ ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದ. ಹತ್ತನೇ ಕ್ಲಾಸಿನಲ್ಲಿ ಓದಿದವರಿಗೆ ನೆನಪಿರಬೇಕು.

ಅದರಲ್ಲಿ ಜಡಗ, ಬಾಲ, ಹನುಮ, ರಾಮ ಅಂತ ಹೆಸರು ಹಿಡಿದು ಹೇಳುತ್ತಾರೆ. ನನಗೆ ಜಾಸ್ತಿ ತಟ್ಟುವುದು ಇನ್ನೊಂದು ಭಾಗ. ಊರು ಸುಟ್ಟಾಗ ಏನೇನು ಹೋಯಿತು ಅಂತ ಪಟ್ಟಿ ಇದೆ. ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿಣ, ಜೀರಿಗೆ, ಬೀಸುಕಲ್ಲು, ಮಂಗಳಸೂತ್ರ. ಸರ್ಕಾರಿ ಪಂಚನಾಮೆಯಲ್ಲೂ ಇಷ್ಟು ಇರಲ್ಲ. ಲಾಕರ್ಬಿಯ ಬಟ್ಟೆ ಕಥೆ ಓದಿದ ಕೂಡಲೇ ನನಗೆ ಇದೇ ನೆನಪಾಯಿತು.

ನಿವೃತ್ತ_ಸುಬೇದಾರ (ಬೈಲಹೊಂಗಲ)

ಬೇಡರು ಹತಾರ ಹಿಡಿದು ಕಾದಿದವರು. ಅವರನ್ನು ನಾಗರಿಕರ ಲೆಕ್ಕಕ್ಕೆ ಸೇರಿಸಬೇಡಿ, ಅವರಿಗೇ ಅವಮಾನ ಆಗುತ್ತೆ.

ಮುಧೋಳದವ

ಕಾದಿದವರು ಕಾದಿದರು ಕಾಕಾ. ಜೀರಿಗೆ ಡಬ್ಬಿ ಇಟ್ಟುಕೊಂಡವಳು ಕಾದಿದಳಾ?

ಚಿಕ್ಕೋಡಿ_ಹುಡುಗ

ಬೆಳಗಾವಿಯಲ್ಲೇ ಜನವರಿ 17ಕ್ಕೆ ಹುತಾತ್ಮ ಚೌಕದಲ್ಲಿ ಒಂದು ಕಡೆಯವರು 1956ರಲ್ಲಿ ಗಡಿ ಗಲಾಟೆಯ ಗೋಲಿಬಾರಿನಲ್ಲಿ ಸತ್ತವರಿಗೆ ಹೂವು ಇಡುತ್ತಾರೆ, ಇನ್ನೊಂದು ಕಡೆಯವರು ಆ ದಾರಿಯನ್ನೇ ಹಿಡಿಯಲ್ಲ. ಅದೂ ಈ ಚರ್ಚೆಗೆ ಬರಬೇಕಲ್ವಾ?

ನಿರ್ವಾಹಕ

ಬರಬೇಕು, ಆದರೆ ಗಡಿ ವಾದ ಇಲ್ಲಿ ಶುರುವಾದರೆ ಮುಗಿಯಲ್ಲ. ಅದಕ್ಕೆ ಬೇರೆ ಎಳೆ ತೆಗೆಯಿರಿ. ಇಸ್ರೇಲ್, ಗಾಜಾ ಬಗ್ಗೆ ಬಂದ ಮೂರು ಪೋಸ್ಟ್ ತೆಗೆದಿದ್ದೇನೆ, ಬೈಗುಳ ಬಿಟ್ಟರೆ ಏನೂ ಇರಲಿಲ್ಲ.

ಬಾಗಲಕೋಟೆ_ಇಂಜಿನಿಯರ್

ಬೈಗುಳ ಇಲ್ಲದೆ ಎರಡು ಸಾಲು ಹೇಳುತ್ತೇನೆ, ಇರಲಿ ಬಿಡಿ. ಇಸ್ರೇಲಿನಲ್ಲಿ ಸ್ಮರಣೆಯ ದಿನ ಸೈರನ್ ಕೂಗಿದರೆ ಹೈವೇಯಲ್ಲೂ ಕಾರು ನಿಲ್ಲಿಸಿ, ಇಳಿದು ನಿಲ್ಲುತ್ತಾರೆ. ಸೈನಿಕರ ಜೊತೆ ದಾಳಿಗಳಲ್ಲಿ ಸತ್ತ ನಾಗರಿಕರನ್ನೂ ಆ ದಿನವೇ ನೆನೆಯುತ್ತಾರೆ. ಅದೇ ದೇಶದ ಒಳಗೆ ಕಫರ್ ಕಾಸಿಮ್ ಅನ್ನುವ ಅರಬ್ ಊರಿದೆ. 1956ರ ಅಕ್ಟೋಬರ್ 29ಕ್ಕೆ ಕರ್ಫ್ಯೂ ಹಾಕಿದ್ದು ಗೊತ್ತಿಲ್ಲದೆ ಕೆಲಸದಿಂದ ಮನೆಗೆ ಬರುತ್ತಿದ್ದ ಜನರ ಮೇಲೆ ಗಡಿ ಪೊಲೀಸರು ಗುಂಡು ಹಾರಿಸಿದರು. ಆ ಊರಿನವರು ಪ್ರತಿ ವರ್ಷ ತಾವೇ ಮೆರವಣಿಗೆ ಮಾಡುತ್ತಾರೆ. ಇಸ್ರೇಲಿನ ಅಧ್ಯಕ್ಷ ರುವೆನ್ ರಿವ್ಲಿನ್ 2014ರಲ್ಲಿ ಅಲ್ಲಿಗೆ ಹೋಗಿ ನಿಂತರು. ಶ್ರೀಲಂಕಾದ ತಮಿಳರು ಮೇ 18ಕ್ಕೆ ಮುಳ್ಳಿವಾಯ್ಕಾಲ್ ಗಂಜಿ ಹಂಚುತ್ತಾರೆ. 2009ರ ಯುದ್ಧದ ಕೊನೆಯಲ್ಲಿ ಸಿಕ್ಕಿಬಿದ್ದ ಜನ ಬದುಕಿದ್ದು ಅದರಿಂದಲೇ. ಅಕ್ಕಿ, ನೀರು, ಉಪ್ಪು. ಅದನ್ನು ಹಂಚಿದ್ದಕ್ಕೂ ಪೊಲೀಸರು ಹಿಡಿದದ್ದುಂಟು. ಗಂಜಿಗೆ ಹೆದರುವ ಸರ್ಕಾರ!

ನಿವೃತ್ತ_ಸುಬೇದಾರ (ಬೈಲಹೊಂಗಲ)

ನಾನು ಜೀವನಪೂರ್ತಿ ಪಾಕಿಸ್ತಾನದ ಕಡೆ ಮುಖ ಮಾಡಿ ನಿಂತವನು. 2014ರ ಡಿಸೆಂಬರ್ 16ಕ್ಕೆ ಪೇಶಾವರದ ಸೈನಿಕ ಶಾಲೆಯಲ್ಲಿ ಮಕ್ಕಳನ್ನು ಕೊಂದ ಮರುದಿನ ನಮ್ಮ ದೇಶದ ಶಾಲೆಗಳಲ್ಲಿ ಎರಡು ನಿಮಿಷ ಮೌನ ಇತ್ತು. ಮೊಮ್ಮಗಳು ಮನೆಗೆ ಬಂದು ಹೇಳಿದಳು. ಸರಿಯಾದ ಕೆಲಸ ಅನ್ನಿಸಿತು. ಪಹಲ್ಗಾಮ್ ಆದ ಮೇಲೆ ಕಾಶ್ಮೀರದ ಪತ್ರಿಕೆಗಳು ಮುಖಪುಟ ಕಪ್ಪು ಮಾಡಿ ಅಚ್ಚು ಹಾಕಿದವು, ಅಂಗಡಿ ಮುಂಗಟ್ಟು ಮುಚ್ಚಿದವು. ಅದನ್ನೂ ನಿಮ್ಮ ಹುಡುಗರಿಗೆ ಹೇಳಿ ಮೇಡಂ. ಆ ಕುದುರೆಯವನ ಹೆಸರನ್ನು ಪಟ್ಟಿಯ ಕೊನೆಗೆ ಹಾಕಬೇಡಿ.

ಲೋಂಡಾ_ಜಂಕ್ಷನ್

ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. 2006ರ ಜುಲೈ 11ಕ್ಕೆ ಮುಂಬೈ ಲೋಕಲ್‌ಗಳಲ್ಲಿ 11 ನಿಮಿಷದೊಳಗೆ ಏಳು ಬಾಂಬ್ ಸಿಡಿದವು. 180ಕ್ಕೂ ಜಾಸ್ತಿ ಜನ ಸತ್ತರು. 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಎಲ್ಲ 12 ಜನ ಆರೋಪಿಗಳನ್ನು ಬಿಟ್ಟಿತು. ಆ ತೀರ್ಪನ್ನು ಬೇರೆ ಕೇಸಿಗೆ ಆಧಾರ ಮಾಡಬೇಡಿ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಅಷ್ಟೇ. ಸತ್ತವರ ಮನೆಯವರಿಗೆ ಯಾರು ಮಾಡಿದ್ದು ಅಂತ ಗೊತ್ತಿಲ್ಲ. ಜೈಲಲ್ಲಿ ಕೂತು ಬಂದವರ ಹತ್ತೊಂಬತ್ತು ವರ್ಷವೂ ಹೋಯಿತು. ಇಂಥ ಸಾವಿಗೆ ಹೂವು ಇಟ್ಟು ಏನು ಮಾತಾಡುವುದು?

ಗೋಕಾಕದ_ನರ್ಸ್ (ಈಗ ಕಾರ್ಕ್, ಐರ್ಲೆಂಡ್)

ಕನಿಷ್ಕದವರ ಮನೆಯವರೂ ಇದನ್ನೇ ಕೇಳುತ್ತಾರೆ ಅಣ್ಣಾ. ಆ ಟೊರೊಂಟೊದ ಯಜಮಾನರು ಕೋರ್ಟಿನ ಮಾತು ತೆಗೆದರೆ ಬೇರೆ ವಿಷಯಕ್ಕೆ ಹೊರಳುತ್ತಿದ್ದರು. ಹೆಂಡತಿ ಅಡುಗೆಗೆ ಉಪ್ಪು ಜಾಸ್ತಿ ಹಾಕುತ್ತಿದ್ದಳು ಅಂತ ಹೇಳಿ ನಕ್ಕರು. ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ಕೋರ್ಟು ತೀರ್ಪು ಕೊಟ್ಟಾಯಿತು, 1995ರಲ್ಲಿ ಎಂಟು ಸಾವಿರ ಗಂಡಸರು, ಹುಡುಗರನ್ನು ಕೊಂದದ್ದು ನರಮೇಧ ಅಂತ. ಆದರೂ ಇನ್ನೂ ಎಲುಬು ಹುಡುಕುತ್ತಿದ್ದಾರೆ. ಪ್ರತಿ ಜುಲೈ 11ಕ್ಕೆ, ಆ ವರ್ಷ ಗುರುತು ಸಿಕ್ಕವರನ್ನು ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆಯಲ್ಲಿ ಮಣ್ಣು ಮಾಡುತ್ತಾರೆ. ತೀರ್ಪಿನ ಕೆಲಸ ಬೇರೆ, ಇದು ಬೇರೆ.

ಕೋಟೆಕೆರೆ (ಬೆಳಗಾವಿ)

ಎಲ್ಲ ಓದಿದೆ. ಕೆಲವನ್ನು ಎರಡೆರಡು ಸಲ.

ಇಳಕಲ್‌ನವರು ಹೇಳಿದ ಸಿರಾಕ್ಯೂಸ್ ದಾರಿಯನ್ನೇ ಹಿಡಿಯುತ್ತೇನೆ. 26 ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಒಂದು ಹೆಸರು. ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಮನೆಯಲ್ಲಿ ಯಾರಿದ್ದಾರೆ, ಮನೆಯವರೇ ಪತ್ರಿಕೆಗೆ ಏನು ಹೇಳಿದ್ದಾರೆ, ಅಷ್ಟನ್ನೇ ಹುಡುಕಿ ಬರೆಯಬೇಕು. ಯಾರ ಮನೆಗೂ ಫೋನ್ ಮಾಡುವಂತಿಲ್ಲ. ಧರ್ಮ ಕೇಳಿ ಕೊಂದರು ಅನ್ನುವುದನ್ನು ಮುಚ್ಚಿಡುವುದೂ ಇಲ್ಲ, ಅದನ್ನೇ ಹಿಡಿದು ಭಾಷಣ ಬಿಗಿಯುವುದೂ ಇಲ್ಲ. ಪಟ್ಟಿ ಅಕ್ಷರದ ಕ್ರಮದಲ್ಲಿ ಇರುತ್ತೆ ಕಾಕಾ, ಕುದುರೆಯವನು ಎಲ್ಲಿ ಬರುತ್ತಾನೋ ಅಲ್ಲಿ. ಕಾರ್ಯಕ್ರಮ ಗಿಡದ ಕೆಳಗೆ, ವೇದಿಕೆ ಇಲ್ಲ. ಬಂದವರಿಗೆ ಶರಬತ್ತು, ಲೋಟ ತುಂಬ.

ನಿಪ್ಪಾಣಿ_ಕಡೆ

ಈ ವರ್ಷ ಓದುತ್ತೀರಿ ಮೇಡಂ. ಈ ಹುಡುಗರು ಪಾಸಾಗಿ ಹೋಗುತ್ತಾರೆ, ನಿಮಗೆ ಟ್ರಾನ್ಸ್‌ಫರ್ ಆಗುತ್ತೆ. ಆಮೇಲೆ ಯಾರು ಓದುತ್ತಾರೆ?

ಕೋಟೆಕೆರೆ (ಬೆಳಗಾವಿ)

ಬರೆದದ್ದನ್ನು ಒಂದು ದಪ್ಪ ರಿಜಿಸ್ಟರಿಗೆ ಅಂಟಿಸಿ ಲೈಬ್ರರಿಯಲ್ಲಿ ಇಡಿಸುತ್ತೇನೆ. ಓದಿದವರು ಮುಂದಿನ ವರ್ಷದ ಒಬ್ಬರಿಗೆ ತಮ್ಮ ಪುಟ ಒಪ್ಪಿಸಿ ಸಹಿ ಹಾಕಬೇಕು. ನಡೆದರೆ ನಡೆಯಿತು. ನೀವೂ ಬನ್ನಿ, ನಿಪ್ಪಾಣಿ ದೂರ ಏನಿಲ್ಲ.

ಈಗಿನ ತೊಂದರೆ ಬೇರೆ. ಮುಖ್ಯ ಅತಿಥಿ ಇಲ್ಲದೆ ಕಾರ್ಯಕ್ರಮ ಹೇಗೆ ಮಾಡುತ್ತೀರಿ, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಹಾಕುವುದು ಅಂತ ಪ್ರಿನ್ಸಿಪಾಲರು ಕೇಳುತ್ತಿದ್ದಾರೆ. 26 ಹೆಸರಿವೆಯಲ್ಲ ಸರ್ ಅಂದೆ. ಇನ್ನೂ ಒಪ್ಪಿಲ್ಲ. ಸೋಮವಾರ ಮತ್ತೆ ಹೋಗಿ ಕೂರುತ್ತೇನೆ.